ಕಲ್ಲಿನ ಬುಡದ ಇದ್ದಿಲು

ಕೇಳಿ ಮಕ್ಕಳೇ. ಈ ಕಥೆಯನ್ನು ನನ್ನ ಅಜ್ಜಿ ಹೇಳುವಾಗ, ಎಲ್ಲೆಕಲ್ಲೊಂದು ತಾನಾಗಿಯೇ ನಡೆದು ತನ್ನ ಜಾಗಕ್ಕೆ ಮರಳುತ್ತಿತ್ತು. "ಕಲ್ಲಿಗೆ ಕಾಲು ಎಲ್ಲಿದ್ದವು ಅಜ್ಜಿ?" ಎಂದರೆ, "ಸುಮ್ನ ಕೇಳು" ಎನ್ನುತ್ತಿದ್ದಳು. ಸುಮ್ಮನೆ ಕೇಳಿದೆ, ನಂಬಲಿಲ್ಲ. ನಾನು ನಂಬುವಷ್ಟನ್ನು ಮಾತ್ರ ನಿಮಗೆ ಹೇಳುತ್ತೇನೆ.

ಎರಡು ರಾಜ್ಯಗಳು ಒಂದನ್ನೊಂದು ಒತ್ತುತ್ತಿದ್ದ ಗಡಿನಾಡಿನಲ್ಲಿ ಒಂದು ಊರಿತ್ತು. ಅಲ್ಲಿಯ ಕೋಟೆಯ ಮೇಲೆ ಬಾವುಟ ಬದಲಾಗುತ್ತಿತ್ತು. ಹೊಲಗಳ ಮೇರೆ ಬದಲಾಗುತ್ತಿರಲಿಲ್ಲ. ಆ ಊರಿನಲ್ಲಿ ಫಕೀರವ್ವನೆಂಬ ಮುದುಕಿ ಇದ್ದಳು. ಅವಳಿಗಿದ್ದುದು ಒಂದೇ ಹೊಲ, ಕರಿಮಣ್ಣಿನ ಜೋಳದ ಹೊಲ. ಪಕ್ಕದ್ದು ಕೋಟೆಯ ಒಡೆಯ ರಾಚಪ್ಪ ದೇಸಾಯಿಯದು. ನಡುವೆ ಮೊಣಕಾಲೆತ್ತರದ ಎಲ್ಲೆಕಲ್ಲು. ದೇಸಾಯಿ ಕೋಟೆಯೊಳಗೇ ಬೆಳೆದವನು. ತನ್ನ ಕೈಯಿಂದ ಒಂದು ಕಲ್ಲನ್ನೂ ನೆಟ್ಟವನಲ್ಲ.

ಒಂದು ವರ್ಷ ಅವನ ಆಳುಗಳು ಆ ಕಲ್ಲನ್ನು ಕಿತ್ತು, ಮುದುಕಿಯ ಹೊಲದೊಳಗೆ ಹತ್ತು ಹೆಜ್ಜೆ ಮುಂದಕ್ಕೆ ನೆಟ್ಟರು. ಎಳ್ಳಮಾವಾಸ್ಯೆ ಬಂತು. ಅಂದು ಆ ನಾಡಿನ ರೈತರು ಭೂತಾಯಿಗೆ ಚರಗ ಚೆಲ್ಲುತ್ತಾರೆ. ಕಡುಬು, ಬಾನವೆಂಬ ಅನ್ನವನ್ನು ಎರಚುತ್ತ ತಮ್ಮ ಹೊಲದ ಅಂಚಿನಲ್ಲಿ ಒಂದು ಸುತ್ತು ಬರುತ್ತಾರೆ. ಫಕೀರವ್ವ ಹಳೆಯ ಅಂಚಿನಲ್ಲೇ ನಡೆದಳು. ಅಲ್ಲೀಗ ದೇಸಾಯಿಯ ಬೆಳೆಯಿತ್ತು.

"ಯಮ್ಮಾ, ದಾರಿ ತಪ್ಪಿದಿ ಏನು?" ಎಂದು ಆಳುಗಳು ನಕ್ಕರು.

"ನಾ ತಪ್ಪಿಲ್ಲೋ ತಮ್ಮಾ, ಕಲ್ಲು ತಪ್ಪೇತಿ."

ಎರಡನೆಯ ವರ್ಷ ಕಲ್ಲು ಇನ್ನೂ ಇಪ್ಪತ್ತು ಹೆಜ್ಜೆ ಒಳಗೆ ಬಂತು. ಅವಳು ಹಳೆಯ ಅಂಚಿನಲ್ಲೇ ನಡೆದಳು. ಮೂರನೆಯ ವರ್ಷ ಅರ್ಧ ಹೊಲವೇ ಹೋಯಿತು. ಅವಳು ಹಳೆಯ ಅಂಚಿನಲ್ಲೇ ನಡೆದಳು.

ಆಗ ಕೋಟೆಯ ಮೇಲೆ ಯಾರ ಬಾವುಟವಿತ್ತೋ ಆ ಅರಸನು ಆ ದಿನಗಳಲ್ಲೇ ಊರಿಗೆ ಸವಾರಿ ಬಂದಿದ್ದ. ದೇಸಾಯಿ ಅವನನ್ನು ಹೊಲಕ್ಕೇ ಕರೆತಂದ.

"ನನ್ನ ಬೆಳೆ ತುಳಿದಿದ್ದಾಳೆ, ಪ್ರಭು. ಆ ತಪ್ಪಿಗೆ ಉಳಿದ ಹೊಲವೂ ನನಗೆ ಸೇರಬೇಕು. ಎಲ್ಲೆ ಯಾವುದೆಂದು ಕಲ್ಲೇ ಹೇಳುತ್ತದೆ, ನೋಡಿ."

"ಆತು, ಕಲ್ಲನ್ನ ಕೇಳೂಣು" ಎಂದಳು ಫಕೀರವ್ವ. "ಧಣ್ಯಾರ, ಅದರ ಬುಡದಾಗ ಏನೈತಿ?"

"ಮಣ್ಣು! ಕಲ್ಲಿನ ಬುಡದಲ್ಲಿ ಮತ್ತೇನಿರುತ್ತದೆ?"

ನೆರೆದಿದ್ದ ರೈತರಲ್ಲಿ ಯಾರೋ ಕಿಸಕ್ಕೆಂದರು.

"ದಂಡು ಬಂದಾಗೆಲ್ಲ ನಮ್ಮ ಕಲ್ಲು ಉರುಳ್ತಾವ್ರೀ ಮಾರಾಜ್ರ" ಎಂದಳು ಮುದುಕಿ. "ಅದಕ್ಕ ನಮ್ಮ ಹಿರ್ಯಾರು ಕಲ್ಲಿನ ಬುಡಕ್ಕ ಇದ್ದಿಲು, ಹೊಟ್ಟು, ಗಡಿಗಿ ಚೂರು ಹೂಳತಿದ್ರು. ಕಲ್ಲು ಹೋದ್ರೂ ಇದ್ದಿಲು ಅಲ್ಲೇ ಇರತೈತಿ. ಅಗಿಸಿ ನೋಡ್ರಿ."

ಅರಸನು ಕಲ್ಲು ನಿಂತಲ್ಲಿ ಅಗೆಸಿದ. ಬರೀ ಮಣ್ಣು. ಹಿಂದಿನ ವರ್ಷ ಅದು ನಿಂತಿದ್ದಲ್ಲಿ ಅಗೆಸಿದ. ಬರೀ ಮಣ್ಣು. ಮುದುಕಿ ನಡೆದ ಅಂಚಿನಲ್ಲಿ ಅವಳು ತೋರಿಸಿದಲ್ಲಿ ಅಗೆಸಿದ. ಮೊಳದ ಆಳದಲ್ಲಿ ಹಿಡಿ ಹಿಡಿಯಾಗಿ ಇದ್ದಿಲು ಬಂತು.

ದೇಸಾಯಿ ಆಳುಗಳ ಮೇಲೆ ಹರಿಹಾಯ್ದ. "ನಿಮಗೆ ಗೊತ್ತಿತ್ತೇನ್ರೋ? ಯಾಕೆ ಬಾಯಿ ಬಿಡಲಿಲ್ಲ?"

"ಕಲ್ಲು ಕೀಳ್ರಿ ಅಂದ್ರಿ, ಕಿತ್ತಿವಿ ಧಣ್ಯಾರ. ಬುಡದಾಗ ಏನೈತಿ ಅಂತ ನೀವು ಕೇಳ್ಲೇ ಇಲ್ಲ."

ಅರಸನಿಗೆ ನಗು ತಡೆಯಲಾಗಲಿಲ್ಲ. ಕಲ್ಲನ್ನು ದೇಸಾಯಿಯೇ ಹೊತ್ತು ತಂದು ಮೊದಲಿನ ಜಾಗದಲ್ಲಿ ನೆಡಬೇಕೆಂದು ಅಪ್ಪಣೆ ಮಾಡಿದ. ಊರೆಲ್ಲ ನೋಡುತ್ತಿದ್ದಂತೆ, ಅದನ್ನು ಎದೆಗವಚಿಕೊಂಡು, ಏದುಸಿರು ಬಿಡುತ್ತ ಅವನು ಅರ್ಧ ಹೊಲ ದಾಟಿದ. ಕಲ್ಲು ನಡೆದುಬಂದದ್ದು ನಿಜವೇ, ಮಕ್ಕಳೇ; ಕಾಲುಗಳು ಮಾತ್ರ ದೇಸಾಯಿಯವು.

ನೀತಿ ಇಷ್ಟೇ: ಪರರ ನೆಲ ಒತ್ತುವವನು ಕಣ್ಣಿಗೆ ಕಾಣುವ ಗುರುತನ್ನಷ್ಟೇ ಬದಲಿಸಬಲ್ಲ. ಅದರ ಕೆಳಗೇನಿದೆಯೆಂದು ಅಲ್ಲಿ ದುಡಿದವರಿಗೆ ಗೊತ್ತಿರುತ್ತದೆ.

ಕಾಲೇಜು ಮುಗಿದ ವರ್ಷ ನಾನು ಆ ಊರಿಗೆ ಹೋದೆ. ಹೊಲದವರ ಒಪ್ಪಿಗೆ ಪಡೆದು ಕಲ್ಲಿನ ಪಕ್ಕದಲ್ಲಿ ಮೊಳದಷ್ಟು ಅಗೆದೆ. ಹೊಟ್ಟು ಇರಲಿಲ್ಲ. ಗಡಿಗೆಯ ಚೂರು ಎರಡು ಸಿಕ್ಕವು. ಇದ್ದಿಲು ಇತ್ತು.