ಅರಮನೆಯ ಆಮೆ ತಲೆ ಒಳಗೆಳೆದುಕೊಂಡದ್ದು

"ಗುರುಗಳೇ," ಎಂದು ಶಿಷ್ಯ ಕೇಳಿದ, "ನಿಜ ಗೊತ್ತಿಲ್ಲದಿದ್ದಾಗ ಸಂಶಯ ಹುಟ್ಟುತ್ತದೆ. ಹಾಗಾದರೆ ನಿಜವನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸಿಬಿಟ್ಟರೆ ಸಂಶಯ ಹೋಗಲೇಬೇಕಲ್ಲವೇ?"

ಶಿಷ್ಯ ಆಗತಾನೆ ತರ್ಕಶಾಸ್ತ್ರ ಓದಿ ಮುಗಿಸಿದ್ದ. ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ರಾಜ್ಯದಲ್ಲಿ ಒಂದು ಬೆಳಿಗ್ಗೆ ಅರಮನೆಯ ಆಮೆ ತಲೆಯನ್ನು ಒಳಗೆಳೆದುಕೊಂಡಿತು. ಮಂತ್ರಿಗಳು ತುರ್ತಾಗಿ ಸಭೆ ಸೇರಿದರು. ಕೋಟೆಯ ಬಾಗಿಲು ಹಾಕಿಸಿದರು. ಮಧ್ಯಾಹ್ನದೊಳಗೆ ಸುದ್ದಿ ಗಡಿಯ ಠಾಣೆಗಳಿಗೆ ಮುಟ್ಟಿತು. ಸಂಜೆಗೆ ಅಶ್ವದಳದ ನಾಯಕನನ್ನು ಹೆಂಡತಿ ಮಕ್ಕಳ ಸಮೇತ ಹೊಳೆ ದಾಟಿಸಿ ಗಡೀಪಾರು ಮಾಡಿದರು. ಆಮೆ ತಲೆ ಎಳೆದುಕೊಂಡಾಗ ಅದರ ಎದುರಿಗೆ ನಿಂತಿದ್ದವನು ಅವನೇ.

ಆ ಕಾಲದಲ್ಲಿ ಅರಸರು ಏನೇನನ್ನೋ ಸಾಕುತ್ತಿದ್ದರು. ಉತ್ತರದ ಅರಸ ಕರಡಿಯನ್ನು ಸಂಜೆ ತಿರುಗಾಟಕ್ಕೆ ಕರೆದೊಯ್ಯುತ್ತಿದ್ದ. ಪಕ್ಕದ ರಾಜ್ಯದ ಪಟ್ಟದ ರಾಣಿ ಪುನುಗುಬೆಕ್ಕಿಗೆ ತಾನೇ ತಲೆ ಬಾಚುತ್ತಿದ್ದಳು. ಇವುಗಳಿಗೆ ಹೋಲಿಸಿದರೆ ಆಮೆ ಸಾಧು ಪ್ರಾಣಿ. ರಾಜಮಾತೆ ಅದನ್ನು ತವರಿನಿಂದ ತಂದಿದ್ದಳು, ದೊಡ್ಡಮ್ಮ ಎಂದು ಕರೆಯುತ್ತಿದ್ದಳು. ಆದ್ದರಿಂದ ಮಂತ್ರಿಗಳೂ ಅದನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದರು.

ಅರಸ ಪಟ್ಟಕ್ಕೆ ಬಂದ ಹೊಸದರಲ್ಲಿ ದಾಯಾದಿ ಚಿಕ್ಕಪ್ಪನೊಬ್ಬ ಶುಭ ಹಾರೈಸಲು ಬಂದ. ಅವನನ್ನು ಕಂಡು ದೊಡ್ಡಮ್ಮ ತಲೆ ಎಳೆದುಕೊಂಡಿತು. ಕಾವಲಿನವರು ಅವನನ್ನು ಹಿಡಿದು ತಡಕಿದರು. ಸೊಂಟದಲ್ಲಿ ಚೂರಿ ಸಿಕ್ಕಿತು. ಆಗೆಲ್ಲ ಎಲ್ಲರ ಸೊಂಟದಲ್ಲೂ ಚೂರಿ ಇರುತ್ತಿತ್ತು. ಆದರೆ ಉಳಿದವರನ್ನು ಯಾರೂ ತಡಕಲಿಲ್ಲ.

ಅಂದಿನಿಂದ ಒಂದು ಪದ್ಧತಿ ಶುರುವಾಯಿತು. ವರ್ಷಕ್ಕೊಮ್ಮೆ ಪ್ರತಿಯೊಬ್ಬ ಅಧಿಕಾರಿಯೂ ಬೆಳಗಿನ ಹೊತ್ತು ಮೂಡಣ ಬಾಗಿಲಿನಿಂದ ಅಂಗಳಕ್ಕೆ ಬಂದು, ಕಲ್ಲಿನ ಮೇಲೆ ಕೂತ ದೊಡ್ಡಮ್ಮನ ಮುಂದೆ ನಿಂತು ನಮಸ್ಕರಿಸಬೇಕು. ಆಮೆಯ ತಲೆ ಹೊರಗೇ ಇದ್ದರೆ ಅವನು ಇನ್ನೊಂದು ವರ್ಷಕ್ಕೆ ನಿಷ್ಠಾವಂತ. ಒಳಗೆ ಹೋದರೆ ದ್ರೋಹಿ. ಒಂಬತ್ತು ವರ್ಷದಲ್ಲಿ ಹನ್ನೊಂದು ಮನೆಯವರು ಹೀಗೆ ಹೊಳೆ ದಾಟಿದರು. ಅವರಲ್ಲಿ ಹೆಚ್ಚಿನವರು ಎತ್ತರದ ಆಳುಗಳು. ಎತ್ತರದವರಲ್ಲಿ ದ್ರೋಹಬುದ್ಧಿ ಸಹಜ ಎಂದು ಪಂಡಿತನೊಬ್ಬ ಗ್ರಂಥವನ್ನೇ ಬರೆದ. ಪಂಡಿತ ಕುಳ್ಳಗಿದ್ದ.

ಇದರ ಕಾರಣ ಆ ರಾಜ್ಯದಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಅವನು ಆಮೆಗೆ ದಿನವೂ ಸೌತೆಕಾಯಿ ಹೆಚ್ಚಿಹಾಕುವ ಪಾಲಕ. ನೆರಳು ಬಿದ್ದರೆ ಆಮೆ ತಲೆ ಎಳೆದುಕೊಳ್ಳುತ್ತದೆ, ಅಷ್ಟೇ. ಬರುವವನ ಬೆನ್ನಿಗೆ ಬೆಳಗಿನ ಬಿಸಿಲು ಇರುತ್ತಿತ್ತು. ಎತ್ತರದವನ, ನೆಟ್ಟಗೆ ನಿಂತವನ ನೆರಳು ಕಲ್ಲನ್ನು ಮುಟ್ಟುತ್ತಿತ್ತು. ನಡು ಬಗ್ಗಿಸಿದವನ ನೆರಳು ಮುಟ್ಟುತ್ತಿರಲಿಲ್ಲ. ಮೇಲೆ ಕಾಗೆ ಹಾರಿದರೂ ದೊಡ್ಡಮ್ಮನ ತಲೆ ಒಳಗೆ ಹೋಗುವುದನ್ನು ಪಾಲಕ ನೂರು ಸಲ ನೋಡಿದ್ದ. ಕಾಗೆಯ ನಿಷ್ಠೆಯನ್ನು ಮಾತ್ರ ಯಾರೂ ವಿಚಾರಿಸಿರಲಿಲ್ಲ.

ಹೇಳಬೇಕೆಂದು ಅವನಿಗೆ ಮೊದಮೊದಲು ಅನ್ನಿಸುತ್ತಿತ್ತು. ಆದರೆ ಹೊಳೆ ದಾಟಿದವನ ಪರವಾಗಿ ಬಾಯಿ ತೆರೆದರೆ, ಅವನಿಗೂ ನಿನಗೂ ಏನು ಸಂಬಂಧ ಎಂದು ಕೇಳುತ್ತಾರೆ. ಪ್ರತಿ ಸಲವೂ ಮುಂದಿನ ಸಲ ಹೇಳಿದರಾಯಿತು ಎಂದುಕೊಂಡ. ಹಾಗೆ ಅಂದುಕೊಂಡೇ ಒಂಬತ್ತು ವರ್ಷ ಕಳೆದ.

ಅಶ್ವದಳದ ನಾಯಕ ಹೋದ ವಾರಕ್ಕೆ ಹೊಸ ಆಜ್ಞೆ ಬಂತು. ಇನ್ನು ಮುಂದೆ ಕೆರೆಗಳ ಉಸ್ತುವಾರಿ ನೋಡುವವರೂ ದೊಡ್ಡಮ್ಮನ ಮುಂದೆ ನಿಲ್ಲಬೇಕು. ದೊಡ್ಡ ಕೆರೆಯ ಉಸ್ತುವಾರಿ ಪಾಲಕನ ಸ್ವಂತ ಅಣ್ಣನದು. ಆಳು ಆರಡಿ ಎತ್ತರ. ಜೊತೆಗೆ, ಹಿಂದೊಮ್ಮೆ ತೂಬು ದುರಸ್ತಿ ಮಾಡುವಾಗ ಚಪ್ಪಡಿ ಬಿದ್ದು ಸೊಂಟ ಹೋಗಿತ್ತು. ಬಗ್ಗಲು ಆಗುತ್ತಿರಲಿಲ್ಲ. ನೆಲಕ್ಕೆ ಬಿದ್ದ ಎಲೆಯಡಿಕೆ ಚೀಲವನ್ನೂ ಹೆಂಡತಿಯೇ ಎತ್ತಿಕೊಡಬೇಕಿತ್ತು.

ಅಣ್ಣ ತಮ್ಮನ ಮನೆಗೆ ಬಂದು ಮಜ್ಜಿಗೆ ಕುಡಿದು, ನಿಂತೇ ಮಾತಾಡಿದ.

"ನಿಮ್ಮ ದೊಡ್ಡಮ್ಮನವರಿಗೆ ಒಂದು ಮಾತು ಹೇಳಿಡಪ್ಪ. ನಾನು ಬಗ್ಗದಿರುವುದು ಸೊಕ್ಕಿಗಲ್ಲ, ಸೊಂಟ ನೋವಿಗೆ."

ಅವನು ತಮಾಷೆಗೆ ಹೇಳಿದ. ತಮ್ಮನಿಗೆ ನಗು ಬರಲಿಲ್ಲ. ಅತ್ತಿಗೆ, ಇಬ್ಬರು ಹೆಣ್ಣುಮಕ್ಕಳು, ಹಾಸಿಗೆ ಹಿಡಿದಿದ್ದ ತಾಯಿ, ಎಲ್ಲರೂ ಅಣ್ಣನ ಮನೆಯಲ್ಲೇ ಇದ್ದರು. ಹೊಳೆ ದಾಟುವುದೆಂದರೆ ಎಲ್ಲರೂ ದಾಟಬೇಕು. ಆ ವಯಸ್ಸಿನಲ್ಲಿ ತಾಯಿ ದಾಟುವಂತಿರಲಿಲ್ಲ.

ಕಲ್ಲನ್ನು ಎರಡು ಗೇಣು ಹಿಂದಕ್ಕೆ ಸರಿಸಿದ್ದರೆ ಸಾಕಿತ್ತು. ಆದರೆ ಕಲ್ಲಿನ ಸುತ್ತ ಸುಣ್ಣದ ಗೆರೆ ಎಳೆದಿದ್ದರು. ಗೆರೆಯನ್ನು ಕಾಯಲು ಇಬ್ಬರು ಕಾವಲಿನವರಿದ್ದರು. ಆ ಇಬ್ಬರನ್ನು ಗಮನಿಸಲು ಒಬ್ಬನಿದ್ದ. ಅವನನ್ನು ಯಾರು ಗಮನಿಸುತ್ತಿದ್ದರು ಎಂಬುದು ಅವನಿಗೂ ಗೊತ್ತಿರಲಿಲ್ಲ. ಬೇರೆ ದಾರಿ ಕಾಣದೆ, ಅಣ್ಣನ ಸರದಿಗೆ ಎರಡು ದಿನ ಇರುವಾಗ ಪಾಲಕ ಅರಸನ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದ.

ಅರಸ ಸಿಟ್ಟಾಗಲಿಲ್ಲ. ಮರುದಿನ ಬೆಳಿಗ್ಗೆ ಕಾವಲಿನವರನ್ನು ದೂರ ಕಳಿಸಿ ತಾನೇ ಅಂಗಳಕ್ಕೆ ಬಂದ. ಪಾಲಕ ಹೇಳಿದ ಜಾಗದಲ್ಲಿ ಒಂದು ಬದಿಗೆ ನಿಂತು ಕೈ ಚಾಚಿದ. ಅಂಗೈಯ ನೆರಳು ಕಲ್ಲಿನ ಮೇಲೆ ಬಿತ್ತು. ತಲೆ ಒಳಗೆ ಹೋಯಿತು. ಕೈ ತೆಗೆದ. ಸ್ವಲ್ಪ ಹೊತ್ತಿಗೆ ತಲೆ ಹೊರಗೆ ಬಂತು. ಅರಸ ಹೀಗೆ ಮೂರು ಸಲ ಮಾಡಿದ. ಮೂರು ಸಲವೂ ಹಾಗೇ ಆಯಿತು.

ಅರಸ ಕಟ್ಟೆಯ ಮೇಲೆ ಕುಳಿತ.

"ಅಂದರೆ ಅಶ್ವದಳದ ನಾಯಕ?"

"ಎತ್ತರದ ಆಳು, ಪ್ರಭು."

"ನಮ್ಮ ಚಿಕ್ಕಪ್ಪ ಎತ್ತರ ಇರಲಿಲ್ಲ."

"ಅಂದು ಅವರು ದೊಡ್ಡ ರುಮಾಲು ಸುತ್ತಿದ್ದರು."

ಅರಸ ಆಮೆಯತ್ತ ತಿರುಗಿದ. ಅರಸನ ಮುಖದಲ್ಲಿ ಪಶ್ಚಾತ್ತಾಪದಂಥದ್ದು ಏನೋ ಕಂಡಿತು. ಹನ್ನೊಂದು ಮನೆಗಳ ಜನ ಹೊಳೆಯ ಆಚೆಯಿಂದ ದೋಣಿ ಹತ್ತುವುದನ್ನೂ ಪಾಲಕ ಆಗಲೇ ಮನಸ್ಸಿನಲ್ಲಿ ಕಂಡ. ಅಷ್ಟರಲ್ಲಿ ಅರಸ ಕೇಳಿದ, ಇದು ನಿನಗೆ ಯಾವಾಗಿನಿಂದ ಗೊತ್ತು ಎಂದು. ಪಾಲಕ ಸುಳ್ಳು ಹೇಳಬಹುದಿತ್ತು. ನಿಜ ಹೇಳಲೆಂದೇ ಬಂದಿದ್ದರಿಂದ ಅದನ್ನೂ ಹೇಳಿದ: ಮೊದಲ ವರ್ಷದಿಂದ.

"ಹನ್ನೊಂದು ಮನೆ ಹೋದವು," ಎಂದ ಅರಸ. "ಆಗ ನಿನಗೆ ಬಾಯಿ ಬರಲಿಲ್ಲ. ಈಗ ನಿಮ್ಮಣ್ಣನ ಸರದಿ, ಬಾಯಿ ಬಂತು. ಆಮೆಯನ್ನು ಕಲ್ಲಿನ ಮೇಲೆ ಇಡುವವನು ನೀನೇ. ಯಾರು ಇರಬೇಕು, ಯಾರು ಹೋಗಬೇಕು ಎಂಬುದನ್ನು ಒಂಬತ್ತು ವರ್ಷದಿಂದ ದೊಡ್ಡಮ್ಮ ಹೇಳುತ್ತಿದೆ ಎಂದುಕೊಂಡಿದ್ದೆ."

ಪಾಲಕ ಸುಣ್ಣದ ಗೆರೆ ತೋರಿಸಿದ. ಗೆರೆ ಎಳೆಯುವ ಮೊದಲು ಕಲ್ಲನ್ನು ಅಲ್ಲಿಟ್ಟವರು ಯಾರು ಎಂದು ಅರಸ ಕೇಳಿದ. ಪಾಲಕನೇ ಇಟ್ಟಿದ್ದ. ಅಲ್ಲಿ ಇರುವೆಯ ಕಾಟ ಕಡಿಮೆ ಎಂದು ಇಟ್ಟಿದ್ದ. ಆ ಮಾತು ಹೇಳುವಾಗ ಅವನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು.

ಅಣ್ಣನನ್ನು ದೊಡ್ಡಮ್ಮನ ಮುಂದೆ ನಿಲ್ಲಿಸಲಿಲ್ಲ. ಸೊಂಟ ಹೋದ ಮನುಷ್ಯ, ಕೆಲಸದಲ್ಲಿ ಮುಂದುವರಿಯಲಿ ಎಂದು ಅಪ್ಪಣೆಯಾಯಿತು. ಕೆರೆಯಿಂದ ಅರಮನೆ ಬಾಗಿಲಿನವರೆಗೆ ಅವನ ಮೇಲೆ ಕಣ್ಣಿಡಲು ಒಬ್ಬನನ್ನು ನೇಮಿಸಿದರು, ಅಷ್ಟೇ. ಪಾಲಕನನ್ನು ಮರುದಿನ ಹೆಂಡತಿಯೊಡನೆ ಹೊಳೆ ದಾಟಿಸಿದರು. ಅವನನ್ನು ಕಳಿಸಲು ಅಣ್ಣ ದಡಕ್ಕೆ ಬಂದಿದ್ದ. ದೋಣಿ ಹೊರಟಾಗ ಕೈ ಎತ್ತಲಿಲ್ಲ. ನೋಡುವವರಿದ್ದರು.

ಹನ್ನೊಂದು ಮನೆಯವರನ್ನು ವಾಪಸು ಕರೆಸುವ ವಿಚಾರವೂ ಸಭೆಗೆ ಬಂತು. ಮಂತ್ರಿ ಎದ್ದು ನಿಂತು, ತಪ್ಪಿಲ್ಲದೆ ಊರು ಬಿಟ್ಟವರಿಗೆ ಅರಸರ ಮೇಲೆ ಸಿಟ್ಟಿರುವುದು ನ್ಯಾಯವಾದದ್ದೇ ಎಂದ. ಮೊದಲು ಅವರಿಂದ ಅಪಾಯವೆಂಬುದು ಬರೀ ಅನುಮಾನವಾಗಿತ್ತು, ಈಗ ಅದಕ್ಕೆ ಕಾರಣವೂ ಸಿಕ್ಕಿದೆ ಎಂದ. ಸಭೆ ಒಪ್ಪಿತು. ಹೊಳೆಯ ಕಾವಲು ಹೆಚ್ಚಿಸಿದರು.

ಇಷ್ಟು ಹೇಳಿ ಗುರುಗಳು ನೀರು ಕುಡಿದರು.

ಶಿಷ್ಯ ಸೋಲಲು ಸಿದ್ಧನಿರಲಿಲ್ಲ. ಪಾಲಕ ಅರಸನ ಕಣ್ಣಿಗೆ ಕೆಟ್ಟವನಾದ, ಅದು ಬೇರೆ ಮಾತು ಎಂದ. ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡದ್ದು ಅವನ ತಪ್ಪು ಎಂದೂ ಸೇರಿಸಿದ. ಆಮೇಲೆ ಕೇಳಿದ:

"ಆದರೆ ಆಮೆಯ ವಿಷಯದಲ್ಲಾದರೂ ಅರಸನಿಗೆ ನಿಜ ತಿಳಿಯಿತಲ್ಲವೇ ಗುರುಗಳೇ? ತನ್ನ ಕೈಯಿಂದ ತಾನೇ ಮೂರು ಸಲ ನೋಡಿದನಲ್ಲ?"

"ಚೆನ್ನಾಗಿಯೇ ತಿಳಿಯಿತು," ಎಂದರು ಗುರುಗಳು. "ಹೊಸ ಪಾಲಕನನ್ನು ಆಮೆಯ ಮುಂದೆ ನಿಲ್ಲಿಸಿ ನೋಡಿದ ಮೇಲೆಯೇ ನೇಮಿಸಿದ."