ಬೆಟ್ಟಸ್ವಾಮಿ ಕಾರಿಗೆ ಕಣ್ಣು ಕೂರಿಸಿದ್ದು

ಹೂಂಗುಟ್ಟುವವರು ಹೂಂಗುಟ್ಟಿ, ನಗುವವರು ಮಾತ್ರ ಸ್ವಲ್ಪ ತಡೆದುಕೊಳ್ಳಿ. ಈ ಕತೆ ನಡೆಯುವಷ್ಟು ಹೊತ್ತೂ ಒಬ್ಬ ತಾಯಿಯ ಜೀವ ಬಾಯಿಗೆ ಬಂದು ಕೂತಿತ್ತು. ಅವಳನ್ನು ಬಿಟ್ಟು ನಾವು ಮುಂಚೆ ನಗುವುದು ಚೆನ್ನಾಗಿರೋದಿಲ್ಲ.

ಗುಂಡ್ಲುಪೇಟೆ ಕಡೆ ಹೋಗುವ ಹೆದ್ದಾರಿಯಲ್ಲಿ ಹೆಗ್ಗೆರೆ ಗೇಟು ಅಂತ ಒಂದು ಜಾಗ. ಅಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳು. ತಳ್ಳುಗಾಡಿಯ ಮೇಲೆ ಕೆಂಡದ ಒಲೆ, ಒಲೆಯ ಮೇಲೆ ಬಾಣಲೆ, ಬಾಣಲೆ ತುಂಬ ಕಡಲೆಕಾಯಿ. ಹುರಿಯೋಳು, ಪೊಟ್ಟಣ ಕಟ್ಟೋಳು, ಮಾರೋಳು. ಅವಳಿಗೆ ಒಬ್ಬನೇ ಮಗ, ಬೆಟ್ಟಸ್ವಾಮಿ. ವಯಸ್ಸು ಮೂವತ್ತೆರಡು, ಆಳು ಆರಡಿ, ಬುದ್ಧಿ ಮಾತ್ರ ತೊಟ್ಟಿಲಿನಿಂದ ಇಳಿದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವನ ರೋಗ.

ಇವನು ಕಳೆದುಕೊಂಡ ಕೆಲಸ ಒಂದೇ ಎರಡೇ! ಹೋಟೆಲಿನವರು, "ಬಂದವರಿಗೆಲ್ಲ ಮೊದಲು ನೀರು ಕೊಡಪ್ಪ" ಅಂದರು. ಹಾಲಿನವನು ಬಂದ. ಅವನ ಕ್ಯಾನಿಗೇ ನಾಲ್ಕು ಚೊಂಬು ನೀರು ಕೊಟ್ಟ. ಅಕ್ಕಿ ಗಿರಣಿಯವರು, "ಯಾರು ನನ್ನ ಕೇಳ್ಕೊಂಡು ಬಂದರೂ ಇಲ್ಲ ಅನ್ನು" ಅಂದರು. ಗಿರಣಿಯವರ ಹೆಂಡತಿಯೇ ಊಟ ತಂದರು. ಯಜಮಾನರು ಎದುರಿಗೇ ಕೂತಿದ್ದರೂ "ಇಲ್ಲ ಕಣಮ್ಮ" ಅಂದು ಊಟ ವಾಪಸ್ಸು ಕಳಿಸಿದ. ಎರಡು ಕಡೆಯೂ ಸಂಜೆಯ ಹೊತ್ತಿಗೆ ಕೆಲಸ ಕಳೆದುಕೊಂಡು ಮನೆಗೆ ಬಂದ.

"ಅಯ್ಯೋ ಬೆಪ್ಪೇ! ನಾನು ಕಣ್ಣು ಮುಚ್ಚಿದ ಮೇಲೆ ನಿಂಗೆ ಒಂದು ತುತ್ತು ಇಕ್ಕೋರು ಯಾರ್ಲಾ?" ಅಂತ ಚಿಕ್ಕತಾಯಮ್ಮ ಅಳೋಳು.

"ನೀನು ಮುಚ್ಚಬ್ಯಾಡ ಕಣವ್ವ" ಅನ್ನೋನು ಮಗ.

ಅವಳ ಗಾಡಿಯ ಎದುರಿಗೆ, ರಸ್ತೆಯ ಆಚೆ, ನಯಾಜನ ಶೆಡ್ಡು. ಕಾರಿಗೆ ಗ್ಲಾಸು ಹಾಕುವ ಶೆಡ್ಡು. ಚಿಕ್ಕತಾಯಮ್ಮ ಹೋಗಿ ನಯಾಜನ ಕೈ ಹಿಡಿದುಕೊಂಡಳು. ನಯಾಜ ಕೋಪಿಷ್ಠ, ಆದರೆ ಕೆಟ್ಟವನಲ್ಲ.

"ನೋಡಮ್ಮ, ಏಳು ದಿನ ಇಟ್ಕೋತೀನಿ. ಏಳನೇ ದಿನ ಕೆಲಸ ಕೊಡ್ತೀನಿ. ಮಾಡಿದರೆ ಇರಲಿ, ಕೆಡಿಸಿದರೆ ಕರ್ಕೊಂಡು ಹೋಗು" ಅಂದ.

ಆರು ದಿನ ಬೆಟ್ಟಸ್ವಾಮಿ ನೆಲ ಗುಡಿಸಿದ. ಗುಡಿಸಿದ್ದರಲ್ಲಿ ತಪ್ಪಿಲ್ಲ. ಏಳನೇ ದಿನ ಬೆಳಿಗ್ಗೆ ಲಾಯರ್ ಪದ್ಮರಾಜಯ್ಯನವರ ಹೊಸ ಕಾರು ಬಂತು. ಮುಂದಿನ ಗ್ಲಾಸಿಗೆ ಲಾರಿಯಿಂದ ಕಲ್ಲು ಸಿಡಿದು, ಗ್ಲಾಸು ಪೂರ್ತಿ ಬಿರುಕು ಬಿಟ್ಟಿತ್ತು.

ಈಗಿನ ಕಾರು ಗೊತ್ತಲ್ಲ! ಗ್ಲಾಸಿನ ಮೇಲ್ಗಡೆ, ಕನ್ನಡಿಯ ಹಿಂದೆ, ಒಂದು ಕ್ಯಾಮೆರಾ. ಅದೇ ಕಾರಿನ ಕಣ್ಣು. ರಸ್ತೆಯ ಗೆರೆ ನೋಡಿಕೊಂಡು ಕಾರನ್ನು ದಾರಿಯಲ್ಲಿಡುತ್ತದೆ, ಅಡ್ಡ ಬಂದದ್ದನ್ನು ನೋಡಿ ತಾನೇ ಬ್ರೇಕು ಹಾಕುತ್ತದೆ. ಗ್ಲಾಸು ಬದಲಾಯಿಸಿದರೆ ಆ ಕಣ್ಣು ಕೂದಲೆಳೆಯಷ್ಟು ಸರಿಯುತ್ತದೆ. ಆಮೇಲೆ ಎಮ್ಮೆ ನಿಂತ ಕಡೆ ಬಯಲು ಕಾಣುತ್ತದೆ. ಅದಕ್ಕೇ ಎದುರಿಗೆ ಚೌಕಳಿ ಬೋರ್ಡು ಇಟ್ಟು, ಕಾರಿಗೆ ತಪಾಸಣೆಯ ಮಿಷನ್ನು ಚುಚ್ಚಿ, ಕಣ್ಣನ್ನು ಮತ್ತೆ ನೆಟ್ಟಗೆ ಮಾಡಬೇಕು. ಕ್ಯಾಲಿಬ್ರೇಷನ್ ಅನ್ನುತ್ತಾರೆ. ತಪ್ಪಿದರೆ ಜನ ಸಾಯುತ್ತಾರೆ, ಅಷ್ಟೇ.

ನಯಾಜ ಗ್ಲಾಸು ಕೂರಿಸಿದ. "ಬೆಟ್ಟಸ್ವಾಮಿ, ಗೋಂದು ಇನ್ನೂ ಹಸಿ. ಬಾಗಿಲು ದಬಾರಂತ ಹಾಕಬೇಡ!"

"ಆಯ್ತಣ್ಣ. ಹಂಗೇ ಮಾಡ್ತೀನಿ."

ನಯಾಜ ಟೀ ಕುಡಿದು ಬಂದ. ನಾಲ್ಕು ಬಾಗಿಲೂ ಹಾರು ಹೊಡೆದಿವೆ! ಹಿಂದಿನ ಸೀಟಿನಲ್ಲಿ ಒಂದು ಮೇಕೆ, ಮೇಕೆಯ ಬಾಯಲ್ಲಿ ಲಾಯರ್ ಸಾಹೇಬರ ಫೈಲು!

"ಏನೋ ಇದು!"

"ಬಾಗಿಲು ಹಾಕಬ್ಯಾಡ ಅಂದ್ರಲ್ಲಣ್ಣ. ಹಾಕ್ನಿಲ್ಲ."

"ಅಯ್ಯೋ ಬೆಪ್ಪೇ, ಹಂಗಲ್ಲ ಕಣೋ! ಕಣ್ಣು ಸರಿಮಾಡುವಾಗ ಗಾಡಿ ಒಳಗೆ ಏನೂ ಇರಬಾರದು! ಕಂಡಿದ್ದನ್ನೆಲ್ಲ ಆಚೆ ಹಾಕಬೇಕು!"

"ಆಯ್ತಣ್ಣ. ಹಂಗೇ ಮಾಡ್ತೀನಿ."

ರಸ್ತೆಯ ಈಚೆಯಿಂದ ಚಿಕ್ಕತಾಯಮ್ಮ ಎಲ್ಲವನ್ನೂ ನೋಡುತ್ತಿದ್ದಳು. ಮೇಕೆ ಹೋಯಿತು, ಹೋಗಲಿ. ಫೈಲು ಅರ್ಧ ಹೋಯಿತು, ಹೋಗಲಿ. ದೇವರೇ, ಈ ಒಂದು ದಿನ ದಾಟಿಸಪ್ಪ ಅಂದುಕೊಂಡು ಬಾಣಲೆ ತಿರುವಿದಳು.

ನಯಾಜ ಒಳಗೆ ಬೋರ್ಡು ಒರೆಸುತ್ತಿದ್ದ. ಅಷ್ಟರಲ್ಲಿ ಲಾಯರ್ ಪದ್ಮರಾಜಯ್ಯನವರು, ಬಿಸಿಲು ಅಂತ, ಕಾರಿನಲ್ಲಿ ಕೂತು ಒಂದು ಸಣ್ಣ ನಿದ್ದೆ ತೆಗೆಯುತ್ತಿದ್ದರು. ಬೆಟ್ಟಸ್ವಾಮಿ ಕಂಡ. ಕಂಡಿದ್ದನ್ನು ಆಚೆ ಹಾಕಬೇಕಲ್ಲ! ಎರಡು ಕೈಯಲ್ಲಿ ಎತ್ತಿದ, ತಂದು ಹಳೇ ಟೈರುಗಳ ಮೇಲೆ ಕೂರಿಸಿದ. ಅವರು ಕಣ್ಣುಬಿಟ್ಟು "ಯಾರಯ್ಯಾ ನೀನು!" ಅನ್ನುವಷ್ಟರಲ್ಲಿ ಮ್ಯಾಟು ಬಂತು, ದಿಂಬು ಬಂತು, ಸ್ಟೆಪ್ನಿ ಟೈರು ಬಂತು. ಇನ್ನೇನಿದೆ ಒಳಗೆ? ಕಾರಿನ ಕೆಳಗೆ ತೂರಿ, ಯಾವುದೋ ಪೈಪು ಕಿತ್ತು, ಪೆಟ್ರೋಲನ್ನೂ ಆಚೆ ತೆಗೆದ. ಎರಡು ಬಕೆಟ್ಟು ತುಂಬಿತು. ಎಲ್ಲಿ ಸುರಿಯೋದು? ಅವ್ವನನ್ನು ಕೇಳೋಣ ಅಂತ ರಸ್ತೆ ದಾಟಿದ.

ಚಿಕ್ಕತಾಯಮ್ಮ ತಲೆ ಎತ್ತಿದಳು. ಮಗ ಬರುತ್ತಿದ್ದಾನೆ, ಎರಡು ಕೈಯಲ್ಲಿ ಎರಡು ಬಕೆಟ್ಟು, ಮೂಗಿಗೆ ಪೆಟ್ರೋಲಿನ ಘಾಟು. ಇವಳ ಮುಂದೆ ನಿಗಿನಿಗಿ ಕೆಂಡ!

"ನಿಂತ್ಕಳ್ಲಾ! ಅಲ್ಲೇ ನಿಂತ್ಕ! ಒಂದು ಹೆಜ್ಜೆ ಇಕ್ಕಬ್ಯಾಡ!"

ನಿಂತ. ಹೆದ್ದಾರಿಯ ನಟ್ಟನಡುವೆ ನಿಂತ. ಬಸ್ಸು ಬಂತು, ಹಾರನ್ನು ಹೊಡೆಯಿತು. ಅಲ್ಲಾಡಲಿಲ್ಲ. ಲಾರಿ ಬಂತು, ಬಯ್ಯಿತು. ಅಲ್ಲಾಡಲಿಲ್ಲ. ಕೊನೆಗೆ ನಯಾಜನೇ ಓಡಿ ಬಂದು ಬಕೆಟ್ಟು ಕಿತ್ತುಕೊಂಡ. ಚಿಕ್ಕತಾಯಮ್ಮ ಒಲೆಗೆ ಒಂದು ಕೊಡ ನೀರು ಸುರಿದು ಹಾಗೇ ಕುಸಿದು ಕೂತಳು.

"ಅಯ್ಯೋ ಬೆಪ್ಪೇ, ಹಂಗಲ್ಲ ಕಣೋ!" ನಯಾಜ ಕೂಗಿಕೊಂಡ. "ಟ್ಯಾಂಕು ತುಂಬಿರಬೇಕು! ತುಂಬೋದನ್ನ ಇನ್ನು ಹಿಡಿಯಲ್ಲ ಅನ್ನೋವರೆಗೂ ತುಂಬಬೇಕು!"

"ಆಯ್ತಣ್ಣ. ಹಂಗೇ ಮಾಡ್ತೀನಿ."

ನಯಾಜ ಪೈಪು ಕೂರಿಸಿದ, ಪೆಟ್ರೋಲು ಹೊಯ್ದ. "ಹೋಗು, ಚಕ್ರದ ಗಾಳಿ ನೋಡು" ಅಂದ. ಅಂದವನಿಗೆ ತಾನು ಈಗಷ್ಟೇ ಹೇಳಿದ್ದು ಮರೆತಿತ್ತು. ಬೆಟ್ಟಸ್ವಾಮಿ ಮರೆತಿರಲಿಲ್ಲ. ಗಾಳಿ ಬಿಟ್ಟ. ಚಕ್ರ ಉಬ್ಬಿತು. ಇನ್ನೂ ಹಿಡಿಯುತ್ತದೆ! ಮತ್ತೆ ಬಿಟ್ಟ. ಕಾರು ಒಂದು ಮಗ್ಗುಲಿಗೆ ವಾಲಿತು. ಇನ್ನೂ ಹಿಡಿಯುತ್ತದೆ!

ಢಮಾರ್!

ಟೈರುಗಳ ಮೇಲೆ ಕೂತಿದ್ದ ಲಾಯರ್ ಸಾಹೇಬರು ಉರುಳಿಬಿದ್ದರು. ಚಿಕ್ಕತಾಯಮ್ಮ "ಮೊಗಾ!" ಅಂತ ಚೀರಿ ರಸ್ತೆಗೆ ನುಗ್ಗಿದಳು. ಧೂಳು ಇಳಿಯಿತು. ಬೆಟ್ಟಸ್ವಾಮಿ ಗಾಳಿಯ ಪೈಪು ಹಿಡಿದು ನಿಂತೇ ಇದ್ದ.

"ಈಗ ಹಿಡೀತಿಲ್ಲ ಕಣಣ್ಣ."

"ಅಯ್ಯೋ ಬೆಪ್ಪೇ, ಹಂಗಲ್ಲ ಕಣೋ! ಅಳತೆ ಬೇಕು! ಈ ಕೆಲಸದಲ್ಲಿ ಎಲ್ಲಕ್ಕೂ ಅಳತೆ! ನೇರ ಅಂದರೆ ನೇರ! ಒಂದಿಂಚು ಆ ಕಡೆ ಬಗ್ಗಬಾರದು, ಈ ಕಡೆ ಬಗ್ಗಬಾರದು! ತಿಳೀತಾ?"

"ಆಯ್ತಣ್ಣ. ಹಂಗೇ ಮಾಡ್ತೀನಿ."

ಚಿಕ್ಕತಾಯಮ್ಮ ಕೈ ಮುಗಿದಳು. "ಇನ್ನೊಂದು ಸತಿ ನೋಡಪ್ಪ ನಯಾಜ. ನಂಗೂ ವಯಸ್ಸಾಯ್ತು. ಇವನು ಬೀದಿಗೆ ಬೀಳ್ತಾನೆ."

ನಯಾಜ ಅವಳ ಮುಖ ನೋಡಿದ, ಸಿಡುಕಿದ, ಸ್ಟೆಪ್ನಿ ಹಾಕಿದ. ಆಮೇಲೆ ಬೋರ್ಡು ತಂದ. ನೋಡಿದರೆ ಬೋರ್ಡಿನ ಸ್ಟ್ಯಾಂಡು ಅದೇ ಢಮಾರಿಗೆ ಬಿದ್ದು ಕಾಲು ಮುರಿದುಕೊಂಡಿದೆ! ಏನು ಮಾಡೋದು? ಬೇರೆ ದಾರಿಯಿಲ್ಲದೆ ಬೆಟ್ಟಸ್ವಾಮಿಯ ಕೈಗೇ ಬೋರ್ಡು ಕೊಟ್ಟ. ಟೇಪು ಹಿಡಿದು ಅಳೆದ, ನೆಲಕ್ಕೆ ಗುರುತು ಹಾಕಿದ, ನಿಲ್ಲಿಸಿದ. "ಅಲ್ಲಾಡಬೇಡ."

ಅಲ್ಲಾಡಲಿಲ್ಲ ನೋಡಿ! ಮೂಗಿನ ಮೇಲೆ ನೊಣ ಕೂತಿತು, ಅಲ್ಲಾಡಲಿಲ್ಲ. ಕಿವಿಯ ಪಕ್ಕ ಬೆವರು ಇಳಿಯಿತು, ಅಲ್ಲಾಡಲಿಲ್ಲ. ಅರ್ಧ ಗಂಟೆ ಮಿಷನ್ನು ಕುಂಯ್ ಕುಂಯ್ ಅಂದಿತು, ಹಸಿರು ದೀಪ ಹೊತ್ತಿತು. ನಯಾಜ ಮಿಷನ್ನು ನೋಡಿದ, ಬೆಟ್ಟಸ್ವಾಮಿಯನ್ನು ನೋಡಿದ. "ಸ್ಟ್ಯಾಂಡಿಗಿಂತ ವಾಸಿ ಕಣೋ ನೀನು!" ಅಂದ.

ಆ ಮಾತು ರಸ್ತೆ ದಾಟಿ ಚಿಕ್ಕತಾಯಮ್ಮನ ಕಿವಿಗೆ ಬಿತ್ತು. ಅವಳಿಗೆ ಸಂತೋಷದಲ್ಲಿ ಕಣ್ಣು ತುಂಬಿತು. ಮಗನಿಗೆ ಅಂತ ತಂದಿದ್ದ ಮುದ್ದೆಯ ಬುತ್ತಿ ತೆಗೆದು ಸೆರಗಿನಲ್ಲಿ ಒರೆಸಿಟ್ಟಳು.

ಇನ್ನು ಒಂದೇ ಕೆಲಸ ಬಾಕಿ. ಕಾರನ್ನು ಗೆರೆ ಇರುವ ರಸ್ತೆಯಲ್ಲಿ ಓಡಿಸಿ, ಕಣ್ಣು ಗೆರೆ ಹಿಡಿಯುತ್ತದೋ ಇಲ್ಲವೋ ನೋಡಬೇಕು. ಹೆದ್ದಾರಿಯಲ್ಲಿ ಆ ಹೊತ್ತಿಗೆ ಲಾರಿಗಳ ಸಾಲು. ಪಕ್ಕದ ಕೆರೆ ರಸ್ತೆ ಖಾಲಿ, ಆದರೆ ಅಲ್ಲಿ ಬಿಳಿ ಗೆರೆ ಮಾಸಿಹೋಗಿತ್ತು.

"ಬೆಟ್ಟಸ್ವಾಮಿ, ಸುಣ್ಣದ ಪುಡಿ ತಗೊಂಡು ಮುಂದೆ ನಡಿ. ಗೆರೆ ಅಳಿಸಿದ ಕಡೆಯೆಲ್ಲ ಎಳೀತಾ ಹೋಗು. ನಾವು ಹಿಂದೆ ಬರ್ತೀವಿ."

"ಆಯ್ತಣ್ಣ. ಹಂಗೇ ಮಾಡ್ತೀನಿ."

ಚಿಕ್ಕತಾಯಮ್ಮ ಬುತ್ತಿ ಹಿಡಿದು ಮಗನನ್ನು ಹುಡುಕಿಕೊಂಡು ಕೆರೆ ರಸ್ತೆಗೆ ಹೊರಟಳು. ಗೆರೆ ಎಷ್ಟು ಚೆನ್ನಾಗಿತ್ತು ಅಂತೀರಿ! ಹಬ್ಬದ ದಿನ ಬಾಗಿಲಿಗೆ ಎಳೆದ ರಂಗೋಲಿಯ ಹಾಗೆ, ಒಂದು ಕಡೆ ದಪ್ಪ ಇಲ್ಲ, ಒಂದು ಕಡೆ ಸಣ್ಣ ಇಲ್ಲ. ನನ್ನ ಮಗ ಎಳೆದದ್ದು ಅಂತ ಹಿಗ್ಗಿಕೊಂಡು ಗೆರೆಯ ಪಕ್ಕದಲ್ಲೇ ನಡೆದಳು. ನಡೆದಳು, ನಡೆದಳು. ಕೆರೆಯ ಹತ್ತಿರ ರಸ್ತೆ ಎಡಕ್ಕೆ ತಿರುಗಿತು.

ಗೆರೆ ತಿರುಗಲಿಲ್ಲ.

ಬಗ್ಗಬಾರದು ಅಂದಿದ್ದಾರಲ್ಲ! ಗೆರೆ ನೇರವಾಗಿ ರಸ್ತೆ ಬಿಟ್ಟು, ಹುಲ್ಲು ದಾಟಿ, ದನ ಇಳಿಯುವ ಜಾಡಿನಲ್ಲಿ ಇಳಿದು, ಸೀದಾ ಕೆರೆಗೆ ಹೋಗಿತ್ತು. ಬೆಟ್ಟಸ್ವಾಮಿ ಸೊಂಟದ ಮಟ್ಟ ನೀರಿನಲ್ಲಿ ನಿಂತು ಸುಣ್ಣ ಉದುರಿಸುತ್ತಿದ್ದ.

"ಅವ್ವಾ, ನೀರಲ್ಲಿ ಗೆರೆ ನಿಲ್ತಾನೇ ಇಲ್ಲ ಕಣವ್ವ!"

ಹಿಂದಿನಿಂದ ಕಾರಿನ ಸದ್ದು ಬಂತು. ನಯಾಜ ಓಡಿಸುತ್ತಿದ್ದ, ಪಕ್ಕದಲ್ಲಿ ಲಾಯರ್ ಸಾಹೇಬರು. ಕಾರು ತಾನೇ ಗೆರೆ ಹಿಡಿಯುತ್ತದಾ ನೋಡೋಣ ಅಂತ ನಯಾಜ ಸ್ಟೇರಿಂಗು ಸಡಿಲ ಬಿಟ್ಟು, ತೊಡೆಯ ಮೇಲಿನ ಮಿಷನ್ನು ನೋಡುತ್ತಿದ್ದ. ಹಿಡಿಯಿತು! ಅಷ್ಟು ಚೆನ್ನಾದ ಗೆರೆ, ಹಿಡಿಯದೆ ಏನು! ರಸ್ತೆ ಎಡಕ್ಕೆ ಹೋಯಿತು, ಕಾರು ಗೆರೆಯ ಜೊತೆ ಬಂತು.

ಚಿಕ್ಕತಾಯಮ್ಮ ಕೂಗಿದಳು. ಯಾರಿಗೂ ಕೇಳಲಿಲ್ಲ. ಹಿಂದೆ ಕೆರೆ, ಕೆರೆಯಲ್ಲಿ ಮಗ, ಮುಂದೆ ಕಾರು. ಬುತ್ತಿ ಬಿಸಾಕಿದಳು. ಎರಡೂ ಕೈ ಅಗಲಿಸಿ ಗೆರೆಯ ಮೇಲೆ ನಿಂತಳು. ಕಣ್ಣು ಮುಚ್ಚಿದಳು.

ಕಿರ್ರ್ರ್!

ಕಣ್ಣು ತೆರೆದರೆ ಕಾರಿನ ಮೂತಿ ಅವಳ ಹೊಟ್ಟೆಯಿಂದ ಒಂದು ಮೊಳ ದೂರದಲ್ಲಿತ್ತು. ನಯಾಜನ ಕಾಲು ಇನ್ನೂ ಬ್ರೇಕಿಗೆ ತಾಗಿಯೇ ಇರಲಿಲ್ಲ. ಕಾರು ತಾನೇ ಕಂಡಿತ್ತು, ತಾನೇ ನಿಂತಿತ್ತು.

"ಕಣ್ಣು ಸರಿಯಾಗಿದೆ" ಅಂದರು ಲಾಯರ್ ಸಾಹೇಬರು. ಅವರ ದನಿ ಅವರಿಗೇ ಕೇಳುವಷ್ಟಿತ್ತು.

ನಯಾಜ ಇಳಿದ. ಚಿಕ್ಕತಾಯಮ್ಮನನ್ನು ಹಿಡಿದು ಹುಲ್ಲಿನ ಮೇಲೆ ಕೂರಿಸಿದ. ಆಮೇಲೆ ನೀರಿನಿಂದ ಎದ್ದು ಬಂದ ಬೆಟ್ಟಸ್ವಾಮಿಯ ಕಡೆ ತಿರುಗಿದ. ಈ ಸಲ ಬೆಪ್ಪೇ ಅನ್ನಲಿಲ್ಲ, ಹಂಗಲ್ಲ ಅನ್ನಲಿಲ್ಲ.

"ಹೋಗಿ ಬೋರ್ಡು ಶೆಡ್ಡಿನ ಒಳಗಿಡು. ನಾಳೆಯಿಂದ ಶೆಡ್ಡಿಗೆ ಬರಬೇಡ."

"ಆಯ್ತಣ್ಣ. ಹಂಗೇ ಮಾಡ್ತೀನಿ."

ಮುಗಿಯಿತು. ಏಳನೇ ದಿನವೂ ಮುಗಿಯಿತು. ಚಿಕ್ಕತಾಯಮ್ಮ ಗಾಡಿ ತಳ್ಳಿಕೊಂಡು ಮನೆಗೆ ಹೋದಳು. ಮಗ ಹಿಂದೆ ಬರುತ್ತಾನೆ ಅಂದುಕೊಂಡಳು. ಬರಲಿಲ್ಲ. ದೀಪ ಹಚ್ಚಿದರೂ ಬರಲಿಲ್ಲ, ಮುದ್ದೆ ಆರಿದರೂ ಬರಲಿಲ್ಲ. ಅವನಿಗೂ ಬೇಜಾರು ಅನ್ನೋದು ಇರುತ್ತದಲ್ಲವೇ, ಯಾರು ಕೇಳಿದ್ದರು ಅವನನ್ನು ಒಂದು ದಿನವಾದರೂ? ಕೆರೆಯ ನೆನಪಾಯಿತು. ಲಾಟೀನು ಹಿಡಿದು ಕೆರೆಯ ಸುತ್ತ ಹುಡುಕಿದಳು, ಹೆಸರು ಹಿಡಿದು ಕೂಗಿದಳು. ಬೆಳಕು ಹರಿಯುವ ಹೊತ್ತಿಗೆ ಗಂಟಲಲ್ಲಿ ದನಿ ಉಳಿದಿರಲಿಲ್ಲ. ಓಡಿ ನಯಾಜನ ಶೆಡ್ಡಿಗೆ ಬಂದಳು.

"ನನ್ನ ಮಗ ಮನೆಗೆ ಬರ್ನಿಲ್ಲ ಕಣಪ್ಪ! ನೀ ಅಂದ ಮಾತಿಗೆ ಏನಾರ ಮಾಡ್ಕೊಂಡುಬುಟ್ನೋ ಏನೋ!"

ನಯಾಜ ಬೀಗ ತೆಗೆಯುತ್ತಿದ್ದವನು ಹಾಗೇ ನಿಂತ. ರಾತ್ರಿ ಅವನಿಗೂ ನಿದ್ದೆ ಬಂದಿರಲಿಲ್ಲ. "ನಾನು ಹಂಗೆ ಅನ್ನಬಾರದಿತ್ತಮ್ಮ. ನಡಿ, ಹುಡುಕೋಣ, ಗಾಡಿ ಕೀ ತಗೋತೀನಿ" ಅಂದು ಷಟರ್ ಎತ್ತಿದ.

ಒಳಗೆ, ನೆಲದ ಮೇಲಿನ ಗುರುತಿನಲ್ಲಿ, ಚೌಕಳಿ ಬೋರ್ಡು ನೆಟ್ಟಗೆ ನಿಂತಿತ್ತು. ಬೋರ್ಡು ಹಿಡಿದುಕೊಂಡು ಅದರ ಹಿಂದೆ ಬೆಟ್ಟಸ್ವಾಮಿ ನಿಂತಿದ್ದ. ರಾತ್ರಿ ನಯಾಜ ಒಳಗೆ ನೋಡದೇ ಷಟರ್ ಎಳೆದು ಬೀಗ ಹಾಕಿದ್ದ. ನೆನ್ನೆಯ ಒದ್ದೆ ಬಟ್ಟೆ ಮೈಮೇಲೇ ಒಣಗಿತ್ತು.

"ಲೇ! ಬರಬೇಡ ಅಂದಿರಲಿಲ್ವೇನೋ!"

"ಬರ್ನಿಲ್ಲ ಕಣಣ್ಣ" ಅಂದ ಬೆಟ್ಟಸ್ವಾಮಿ. "ಹೋದ್ರೆ ತಾನೆ ಬರೋದು? ಹೋಗೇ ಇಲ್ಲ."

ಇವನನ್ನು ಕಳಿಸುವುದಕ್ಕೆ ಇನ್ನೇನು ಹೇಳಬೇಕು? ಏನು ಹೇಳಿದರೆ ಇವನು ಏನು ಮಾಡುತ್ತಾನೆ? ನಯಾಜ ಯೋಚಿಸಿದ, ಯೋಚಿಸಿದ, ಸುಸ್ತಾದ. ಕೊನೆಗೆ ಬೋರ್ಡಿನ ಅಂಚು ಹಿಡಿದುಕೊಂಡು ನಗುವುದಕ್ಕೆ ಶುರುಮಾಡಿದ, ಹಣೆ ಬಡಿದುಕೊಂಡು ನಕ್ಕ.

"ಹೋಗೋ ಮಾರಾಯ, ಮನೆಗೆ ಹೋಗಿ ಹೊಟ್ಟೆಗೇನಾದರೂ ಹಾಕ್ಕೊಂಡು ಬಾ!"

ಚಿಕ್ಕತಾಯಮ್ಮನಿಗೆ ಅಷ್ಟೂ ಮಾತಿನಲ್ಲಿ ಕೇಳಿಸಿದ್ದು ಕೊನೆಯದೊಂದೇ, "ಬಾ". ಬಾಗಿಲಿನಲ್ಲೇ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಳುತ್ತಾ ಅಳುತ್ತಾ ನಕ್ಕಳು.

ಈಗ ನೀವೂ ನಗಬಹುದು. ಯಾಕೆಂದರೆ ಬೆಟ್ಟಸ್ವಾಮಿ ಆಗಲೇ "ಆಯ್ತಣ್ಣ, ಹಂಗೇ ಮಾಡ್ತೀನಿ" ಅಂದು ಬೋರ್ಡನ್ನೂ ಎತ್ತಿಕೊಂಡು ಮನೆಯ ಕಡೆ ಹೊರಟಾಗಿತ್ತು. ಬೋರ್ಡು ಬಿಟ್ಟು ಹೋಗು ಅಂತ ಯಾರೂ ಹೇಳಿರಲಿಲ್ಲ.