ಪಾಲಜ್ಜನ ಗರಿಕೆ

ಕಾಲ ಯಾವುದೆಂದು ಕೇಳಬೇಡಿ, ನನಗೆ ಹೇಳಿದ ಅಜ್ಜಿಗೂ ಅದು ಗೊತ್ತಿರಲಿಲ್ಲ. ಬಹಳ ಹಿಂದೆ, ಒಂದು ಊರಿನಲ್ಲಿ, ಪಾಲಜ್ಜ ಎಂಬ ಹುಲ್ಲಿನ ವೈದ್ಯನಿದ್ದನಂತೆ. ಜನರಿಗಲ್ಲ, ದನಗಳಿಗಲ್ಲ, ಅಂಗಳದ ಹುಲ್ಲಿಗೆ ಮದ್ದು ಮಾಡುವವನು. ಬೇಸಿಗೆಯಲ್ಲಿ ಮಣ್ಣು ಸಡಿಲಿಸುತ್ತಿದ್ದನಂತೆ, ಮಳೆಗಾಲದಲ್ಲಿ ಜೇಕಿನ ಕಳೆಯನ್ನು ಗಡ್ಡೆ ಸಮೇತ ಕೀಳುತ್ತಿದ್ದನಂತೆ, ಚಳಿಗಾಲದಲ್ಲಿ ಏನೂ ಮಾಡದೆ ಹುಲ್ಲಿನ ಪಕ್ಕ ಸುಮ್ಮನೆ ಕುಳಿತಿರುತ್ತಿದ್ದನಂತೆ. ಅವನು ಕುಳಿತಲ್ಲಿ ಹುಲ್ಲು ನಿದ್ದೆಯಲ್ಲಿ ಉಸಿರಾಡುವುದು ಕೇಳಿಸುತ್ತಿತ್ತು ಎನ್ನುತ್ತಾರೆ.

ಅದೇ ಊರಿನಲ್ಲಿ ಬೊಮ್ಮಕ್ಕ ಎಂಬಾಕೆ ಇದ್ದಳು. ಅವಳ ಒಬ್ಬಳೇ ಮಗಳು ತಿಮ್ಮಿ ಜ್ವರ ಬಂದು ತೀರಿಕೊಂಡಿದ್ದಳು. ಮನೆಯ ಮುಂದೆ ಒಂದಿಷ್ಟು ಗರಿಕೆ ಬೆಳೆದಿತ್ತು. ತಿಮ್ಮಿ ಅದರ ಮೇಲೆಯೇ ಹೊರಳಾಡಿ ಬೆಳೆದವಳು. ಮಗಳು ಹೋದ ಮೇಲೆ ಬೊಮ್ಮಕ್ಕ ಅಲ್ಲಿಗೆ ಯಾರನ್ನೂ ಕಾಲಿಡಗೊಡಲಿಲ್ಲ. ಕೋಳಿ ಬಂದರೆ ಓಡಿಸಿದಳು, ಗೊರವಂಕ ಬಂದರೆ ಓಡಿಸಿದಳು. ಮಳೆ ನಿಂತ ಮೇಲೆ ಬೆಳಗ್ಗೆ ನೀರು, ಸಂಜೆ ನೀರು. ಆದರೂ ಹುಲ್ಲು ಹಳದಿಯಾಯಿತು. ಹಳದಿಯಾದಷ್ಟೂ ಅವಳು ಇನ್ನಷ್ಟು ನೀರು ಹೊಯ್ದಳಂತೆ.

ಕೊನೆಗೆ ಪಾಲಜ್ಜನನ್ನು ಕರೆಸಿದಳು. ಅವನು ಹುಲ್ಲಿನ ಅಂಚು ಹಿಡಿದು ಎತ್ತಿದ. ಅದು ಚಾಪೆಯಂತೆ ಸುತ್ತಿಕೊಂಡು ಬಂತಂತೆ. ಕೆಳಗೆ ಬೇರುಗಳೇ ಇರಲಿಲ್ಲ. ತಂಪು ಮಣ್ಣಿನಲ್ಲಿ, ಬೇರು ತಿಂದ ದಪ್ಪನೆಯ ಬಿಳಿ ಗೊಣ್ಣೆಹುಳುಗಳು ಮುದುಡಿ ಮಲಗಿದ್ದವು.

“ಪೂರ್ತಿ ಅಗೀಬೇಕವ್ವ,” ಅಂದ ಪಾಲಜ್ಜ.

“ಅಗೆಯೋಕೆ ನೀನೇ ಬರಬೇಕಿತ್ತಾ? ಹಂದಿ ಬಿಟ್ಟಿದ್ರೆ ಆಗ್ತಿತ್ತು!” ಅಂದಳು ಬೊಮ್ಮಕ್ಕ. “ಆಮೇಲೆ ಬೇರೆ ಹುಲ್ಲು ತಂದು ಹಾಕ್ತೀಯ. ಅದನ್ನ ನನ್ನ ಮಗು ಮುಟ್ಟಿಲ್ಲ, ಅಜ್ಜ.”

ಪಾಲಜ್ಜ ಮಂಡಿಯೂರಿ ನೆಲ ನೋಡುತ್ತಾ ನೋಡುತ್ತಾ ಬಟ್ಟೆ ಒಗೆಯುವ ಕಲ್ಲಿನವರೆಗೆ ಹೋದ. ಕಲ್ಲಿನ ಬುಡದಲ್ಲಿ ಒಂದೇ ಒಂದು ಕುಡಿ ಹಸಿರಾಗಿತ್ತು.

“ಇಲ್ನೋಡು. ಇದು ಬೀಜದಿಂದ ಹುಟ್ಟಿದ್ದಲ್ಲ, ಆ ಹುಲ್ಲಿನಿಂದಲೇ ಹರಿದು ಬಂದಿದ್ದು. ಗೆಣ್ಣು ಗೆಣ್ಣಿಗೂ ಬೇರು ಬಿಡ್ತದೆ. ನಿನ್ನ ಮಗು ಮಲಗಿದ್ದ ಹುಲ್ಲೇ ಕಣವ್ವ ಇದು.”

ಬೊಮ್ಮಕ್ಕ ಬಗ್ಗಿ ಕುಡಿಯನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ತಾನೇ ಒಳಗೆ ಹೋಗಿ ಗುದ್ದಲಿ ತಂದುಕೊಟ್ಟಳು.

ಅಗೆದ ಮಣ್ಣಿಗೆ, ಹುಳ ಹೆಕ್ಕಲು, ಆಕಾಶ ಕಪ್ಪಾಗುವಷ್ಟು ಗೊರವಂಕಗಳು ಇಳಿದವು ಎನ್ನುತ್ತಾರೆ. ಬಂದದ್ದು ನಾಲ್ಕೋ ಐದೋ ಇರಬಹುದು. ಹೇಳುತ್ತಾ ಹೇಳುತ್ತಾ ಹಕ್ಕಿಗಳು ಹೆಚ್ಚಿದವು. ಈ ಸಲ ಬೊಮ್ಮಕ್ಕ ಓಡಿಸಲಿಲ್ಲ. ಕುಡಿಯನ್ನು ಒಂದು ಒಡಕು ಮಡಕೆಯಲ್ಲಿ ಕಾಪಾಡಿದಳು. ಚಳಿ ಕಳೆಯಿತು, ಬೇಸಿಗೆಯ ಬಿಸಿಲಿಗೆ ಅಂಗಳ ಬರಿದಾಗಿ ಕಾಯಿತು. ಅಷ್ಟು ದಿನವೂ ಅವಳು ಬರಿಯ ಮಣ್ಣನ್ನು ನೋಡುತ್ತಾ ಹೊಸ್ತಿಲಲ್ಲಿ ಕುಳಿತಿದ್ದಳಂತೆ. ಮೊದಲ ಮಳೆಗೆ ಅವಳೂ ಪಾಲಜ್ಜನೂ ಸೇರಿ ಮಡಕೆಯಲ್ಲಿ ಹಬ್ಬಿದ್ದ ಕುಡಿಯನ್ನು ಗೆಣ್ಣುಗೆಣ್ಣಾಗಿ ಕತ್ತರಿಸಿ ನೆಟ್ಟರು. ಹುಲ್ಲು ಅಂಗಳ ತುಂಬಿದ ದಿನ ಬೊಮ್ಮಕ್ಕ ಅದರ ಮೇಲೆ ಮಲಗಿದಳು. ಅವಳ ಮಗ್ಗುಲಲ್ಲಿ, ಒಂದು ಮಗುವಿನಷ್ಟು ಜಾಗ ಬೆಚ್ಚಗಿತ್ತು ಎನ್ನುತ್ತಾರೆ.

“ಒಂದೇ ಅಂಗಳದಲ್ಲಿ ಇಟ್ಕೊಂಡ್ರೆ ಒಂದು ಹುಳ ಸಾಕು, ಹೋಗ್ತದೆ. ಹಂಚು,” ಅಂದನಂತೆ ಪಾಲಜ್ಜ. ಅವಳು ಹಂಚಿದಳು.

ಈಗಲೂ ಆ ಊರಿನಲ್ಲಿ ಮೊದಲ ಮಳೆ ಬಿದ್ದ ಮರುದಿನ ಪಾಲಜ್ಜನನ್ನು ನೆನೆದು ಗರಿಕೆ ಕೀಳುತ್ತಾರೆ. ಆ ವರ್ಷ ಸಾವು ಕಂಡ ಮನೆಗೆ ಮೊದಲ ಹಿಡಿ ಹೋಗುತ್ತದೆ. ಕೊಡಲು ಬಂದವರು ಸಮಾಧಾನದ ಮಾತು ಹೇಳುವುದಿಲ್ಲ. ನೆಟ್ಟು, ಬರಿಗಾಲಿನಿಂದ ಮೆಲ್ಲಗೆ ಒತ್ತಿ, ಹೊರಟು ಬರುತ್ತಾರೆ.